ಸ್ಕೈ ಕ್ರಾಲರ್ಸ್ ವೀ ಗೇಮ್: ಶತ್ರು ವಿಮಾನದ ಬಾಲ ಹಿಡಿಯೋರಿಗೆ ಒಂದು ಸಲಹೆ

ನಿಂಟೆಂಡೊದ ಹಳೇ ಗೇಮ್ ಕನ್ಸೋಲ್ ವೀ ಇಟ್ಕೊಂಡಿರೋರಿಗೆ ಈ ಮಾತು. ಮಮೊರು ಒಶಿಯಿ ಅವರ 2008ರ ಅನಿಮೇಷನ್ ಚಿತ್ರ ಆಧರಿಸಿದ 'ದಿ ಸ್ಕೈ ಕ್ರಾಲರ್ಸ್: ಇನ್ನೊಸೆಂಟ್ ಏಸಸ್' ಅನ್ನೋ ವಿಮಾನ ಕಾಳಗದ ಗೇಮ್ ಸಿಕ್ಕರೆ ಬಿಡಬೇಡಿ. ಏಸ್ ಕಾಂಬ್ಯಾಟ್ ಅನ್ನೋ ಜೆಟ್ ಕಾಳಗದ ಗೇಮ್ ಸರಣಿ ಮಾಡಿದ ಪ್ರಾಜೆಕ್ಟ್ ಏಸಸ್ ತಂಡದ ಕೈ ಇದರಲ್ಲೂ ಇದೆ. ಆದರೆ ಇಲ್ಲಿರೋದು ಪ್ರೊಪೆಲರ್ ವಿಮಾನ, ಮೆಷಿನ್ ಗನ್ನೇ ಮುಖ್ಯ. ದೂರದಿಂದ ಲಾಕ್ ಮಾಡಿ ಕ್ಷಿಪಣಿ ಬಿಡೋ ಅಭ್ಯಾಸ ಮರೆತುಬಿಡಿ.

ನೀವು ಶತ್ರು ವಿಮಾನದ ಹತ್ತಿರವೇ ಹಾರ್ತಾ ಇದ್ದರೆ ಒಂದು ಗೇಜ್ ಮೂರು ಹಂತದಲ್ಲಿ ತುಂಬುತ್ತೆ. ಆಗ ಬಟನ್ ಒತ್ತಿದರೆ ನಿಮ್ಮ ವಿಮಾನ ತಾನೇ ಪಲ್ಟಿ ಹೊಡೆದು ಅವನ ಹಿಂದೆ ಬಂದು ಕೂರುತ್ತೆ. ಮೊದಲ ಹಂತಕ್ಕೇ ಆತುರಪಟ್ಟು ಒತ್ತಬೇಡಿ, ಅವನು ಸುಲಭವಾಗಿ ತಪ್ಪಿಸ್ಕೋತಾನೆ. ಇನ್ನು ಫುಲ್ ಥ್ರಾಟಲ್ (ಪೂರ್ತಿ ವೇಗ) ಕೊಟ್ಟರೆ ಅವನನ್ನೇ ದಾಟಿ ಮುಂದೆ ಹೋಗ್ತೀರಿ, ಬೇಟೆ ನೀವೇ! ತಿರುವಿನಲ್ಲಿ ವೇಗ ಇಳಿಸಿ, ಅವನ ಬಾಲ ಬಿಡದೆ ಗೇಜ್ ತುಂಬಿಸಿ, ಆಮೇಲೆ ಒತ್ತಿ. ಬೆನ್ನು ಸಿಕ್ಕ ಕೂಡಲೇ ಗುಂಡು ಸುರಿಸಿ, ಆ ಅವಕಾಶ ಕೆಲವೇ ಸೆಕೆಂಡು.

ನಂಚಕ್ (ವೀ ರಿಮೋಟ್‌ಗೆ ಸಿಕ್ಕಿಸೋ ಇನ್ನೊಂದು ಕೈಯ ಕಂಟ್ರೋಲರ್) ಜಾಯ್‌ಸ್ಟಿಕ್, ರಿಮೋಟ್ ಥ್ರಾಟಲ್ ಅನ್ನೋ ವ್ಯವಸ್ಥೆ ಮಜಾ ಕೊಡುತ್ತೆ, ಮಣಿಕಟ್ಟು ಮಾತ್ರ ಸೋಲುತ್ತೆ. ಕ್ಲಾಸಿಕ್ ಕಂಟ್ರೋಲರ್ ಇದ್ದರೆ ಅದೂ ನಡೆಯುತ್ತೆ.