ಇಂಗ್ಲೆಂಡಿನ ಮನೆಗೆ ಹೊಸ ಬೀಗ ಹಾಕುವ ಮುನ್ನ

ಬೆಂಗಳೂರಿನಿಂದ ಇಂಗ್ಲೆಂಡಿಗೆ ಹೋಗಿ ಮನೆ ಕೊಂಡವರಲ್ಲಿ ಹಲವರು ತಂದೆತಾಯಿಯರ ಆರೈಕೆಗೆಂದೋ ಕೆಲಸದ ವರ್ಗಾವಣೆಯಿಂದಲೋ ಒಂದೆರಡು ವರ್ಷ ಊರಿಗೆ ಮರಳುವಾಗ, ಅಲ್ಲಿನ ಮನೆಗೆ ಬೀಗ ಹಾಕಿಯೋ ಬಾಡಿಗೆಗೆ ಕೊಟ್ಟೋ ಬರುತ್ತಾರೆ. ಆ ಮನೆಯಲ್ಲಿ ಬೇಡವಾದವರು ಕುಳಿತಿದ್ದಾರೆಂದು ತಿಳಿದಾಗ ಜಯನಗರದಲ್ಲಿ ಕುಳಿತವರಿಗೆ ಮೊದಲು ಹೊಳೆಯುವ ಉಪಾಯ, ಅಲ್ಲಿರುವ ಗೆಳೆಯರಿಗೆ ಫೋನ್ ಮಾಡಿ ಬೀಗ ಬದಲಾಯಿಸಿಬಿಡುವುದು. ಇಂಗ್ಲೆಂಡಿನ ಕಾನೂನಿನಲ್ಲಿ ಇದು ಕೆಲವೊಮ್ಮೆ ಮಾಲೀಕರ ಹಕ್ಕು, ಕೆಲವೊಮ್ಮೆ ಜೈಲು ಶಿಕ್ಷೆಯಾಗಬಲ್ಲ ಅಪರಾಧ. ಯಾವುದು ಯಾವಾಗ ಎಂಬುದು, ಒಳಗಿರುವವರು ಮೊದಲ ಸಲ ಹೇಗೆ ಒಳಬಂದರು ಎಂಬುದರ ಮೇಲೆ ನಿಂತಿದೆ. (ಸ್ಕಾಟ್ಲೆಂಡಿನ ಕಾನೂನು ಬೇರೆ.)

ಬಾಡಿಗೆ ಬಾಕಿ ಉಳಿಸಿಕೊಂಡವರು, ಕರಾರಿನ ಅವಧಿ ಮುಗಿದರೂ ಬಿಡದವರು ಅತಿಕ್ರಮಣಕಾರರಲ್ಲ. ಅವರು ನಿಮ್ಮ ಒಪ್ಪಿಗೆಯಿಂದಲೇ ಒಳಬಂದವರು. ಅವರು ಹೊರಗೆ ಹೋಗಿದ್ದಾಗ ಬೀಗ ಬದಲಾಯಿಸಿದರೆ 1977ರ ಒಕ್ಕಲೆಬ್ಬಿಸುವಿಕೆಯಿಂದ ರಕ್ಷಣೆ ನೀಡುವ ಕಾಯ್ದೆಯಡಿ ಎರಡು ವರ್ಷದವರೆಗೆ ಸೆರೆವಾಸವಾಗಬಹುದು. ಕರೆಂಟ್ ತೆಗೆಸಿ ಕಾಟ ಕೊಡುವುದೂ ಅಪರಾಧವೇ. ನೋಟಿಸ್, ಅನಂತರ ನ್ಯಾಯಾಲಯದ ಆದೇಶ, ಕೊನೆಗೆ ನ್ಯಾಯಾಲಯದ ಅಮೀನರು, ಇದೊಂದೇ ದಾರಿ. ಮಾಲೀಕರು ವಾಸವಿರುವ ಮನೆಯಲ್ಲೇ ಅಡುಗೆಮನೆ, ಸ್ನಾನದ ಮನೆ ಹಂಚಿಕೊಂಡು ಒಂದು ಕೋಣೆಯಲ್ಲಿರುವ ಲಾಡ್ಜರ್‌ಗೆ ಮಾತ್ರ ಇಷ್ಟು ರಕ್ಷಣೆ ಇಲ್ಲ. ಸಮಂಜಸವಾದ ಅವಧಿಯ ನೋಟಿಸ್ ಮುಗಿದ ಮೇಲೆ ಬೀಗ ಬದಲಾಯಿಸಬಹುದು. ಆದರೆ ಆ ವಿನಾಯಿತಿಗೆ, ಕೋಣೆ ಕೊಟ್ಟಾಗಲೂ ಒಪ್ಪಂದ ಮುಗಿದಾಗಲೂ ಅದು ಮಾಲೀಕರ ಮುಖ್ಯ ವಾಸದ ಮನೆಯಾಗಿರಬೇಕು. ಲಾಡ್ಜರನ್ನು ಬಿಟ್ಟು ಬೆಂಗಳೂರಿಗೆ ಬಂದು ನೆಲೆಸಿದವರು ಈ ಅಂಶವನ್ನು ಗಮನಿಸುವುದೇ ಇಲ್ಲ.

ಇನ್ನು ಯಾರ ಒಪ್ಪಿಗೆಯೂ ಇಲ್ಲದೆ ಖಾಲಿ ಮನೆ ಹೊಕ್ಕವರ ವಿಷಯ. ನಮ್ಮಲ್ಲಿ ಪೊಲೀಸರ ಬಳಿ ಹೋದರೆ ಸಿವಿಲ್ ವ್ಯಾಜ್ಯವೆಂದು ಕೈತೊಳೆದುಕೊಳ್ಳುವುದೇ ಹೆಚ್ಚು. ಇಂಗ್ಲೆಂಡಿನಲ್ಲಿ 2012ರ ಸೆಪ್ಟೆಂಬರ್ 1ರಿಂದ, ವಾಸದ ಕಟ್ಟಡಕ್ಕೆ ಅತಿಕ್ರಮವಾಗಿ ನುಗ್ಗಿ ಅಲ್ಲಿ ವಾಸಿಸುವುದು ಅಪರಾಧವಾಗಿದ್ದು, ಪೊಲೀಸರು ಒಳಹೊಕ್ಕು ಬಂಧಿಸಬಹುದು. ಅಂಗಡಿ, ಗೋದಾಮುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಆದರೂ ಮಾಲೀಕರೇ ಬಾಗಿಲು ಒಡೆಯುವಂತಿಲ್ಲ. ಇಂಥ ಮನೆಗಳ ಬಾಗಿಲಿಗೆ ಒಮ್ಮೊಮ್ಮೆ ಒಂದು ಹಾಳೆ ಅಂಟಿಸಿರುತ್ತಾರೆ: ಒಳಗೆ ಸದಾ ಒಬ್ಬರಾದರೂ ಇರುತ್ತಾರೆ, ಬಲವಂತದಿಂದ ನುಗ್ಗಿದರೆ 1977ರ ಕ್ರಿಮಿನಲ್ ಕಾನೂನು ಕಾಯ್ದೆಯ ಸೆಕ್ಷನ್ 6ರಂತೆ ಅಪರಾಧ ಎಂದು. ಅದು ಪೊಳ್ಳು ಬೆದರಿಕೆಯಲ್ಲ. ಒಳಗೊಬ್ಬರು ಪ್ರವೇಶವನ್ನು ವಿರೋಧಿಸುತ್ತಿರುವುದು ಗೊತ್ತಿದ್ದೂ ಬಲಪ್ರಯೋಗ ಮಾಡಿದರೆ, ಕ್ರಯಪತ್ರ ಕೈಯಲ್ಲಿದ್ದರೂ ಅದು ರಕ್ಷಣೆಯಾಗದು. ಬಾಗಿಲು ಮುರಿಯುವುದೂ ಬಲಪ್ರಯೋಗವೇ, ಮತ್ತು ಮುರಿದ ಗೆಳೆಯರೇ ಆರೋಪಿಯಾಗುತ್ತಾರೆ. ರಜೆ ಮುಗಿಸಿ ಬಂದಾಗ ತಾನು ವಾಸವಿದ್ದ ಮನೆಯಲ್ಲಿ ಅಪರಿಚಿತರನ್ನು ಕಂಡವರಿಗೆ ಇದರಿಂದ ವಿನಾಯಿತಿಯಿದೆ. ವರ್ಷಗಟ್ಟಲೆ ಬೆಂಗಳೂರಿನಲ್ಲಿದ್ದವರು ಆ ವರ್ಗಕ್ಕೆ ಸೇರುವುದಿಲ್ಲ. ತಾವೇ ವಾಸಕ್ಕೆ ಮರಳುವುದಾದರೆ, ಮ್ಯಾಜಿಸ್ಟ್ರೇಟ್ ಅಥವಾ ಪ್ರಮಾಣ ಕಮಿಷನರ್ ಎದುರು ಸಹಿ ಮಾಡಿದ ಲಿಖಿತ ಹೇಳಿಕೆಯ ಮೂಲಕ ಅಂಥದೇ ವಿನಾಯಿತಿ ಪಡೆಯಬಹುದು. ಒಳಗೆ ಯಾರೂ ಇಲ್ಲದ ಹೊತ್ತಿನಲ್ಲಿ ಬೀಗ ಬದಲಾಯಿಸುವುದು ಸೆಕ್ಷನ್ 6ರ ಅಪರಾಧವಲ್ಲ, ಆದರೆ ಅವರ ಸಾಮಾನನ್ನು ರಸ್ತೆಗೆ ಎಸೆದು ಇನ್ನೊಂದು ದಾವೆಯನ್ನು ಮೈಮೇಲೆ ಎಳೆದುಕೊಳ್ಳಬಾರದು.

ಪೊಲೀಸರಿಂದ ಆಗದಿದ್ದರೆ ಮಧ್ಯಂತರ ಸ್ವಾಧೀನ ಆದೇಶಕ್ಕೆ ನ್ಯಾಯಾಲಯವನ್ನು ಕೇಳಬಹುದು. ವಿಷಯ ತಿಳಿದ 28 ದಿನಗಳೊಳಗೆ ಅರ್ಜಿ ಹಾಕಬೇಕು. ಆದೇಶ ತಲುಪಿದ 24 ಗಂಟೆಯೊಳಗೆ ಅವರು ಹೊರಡಬೇಕು, ಇಲ್ಲದಿದ್ದರೆ ಅದೂ ಅಪರಾಧ. ಟಿಕೆಟ್ ಅಗ್ಗವಾಗಲಿ ಎಂದು ಕಾದರೆ ಈ ಅವಕಾಶ ಕೈತಪ್ಪುತ್ತದೆ.

ಭಾರತದಲ್ಲಿ 12 ವರ್ಷದ ಪ್ರತಿಕೂಲ ಸ್ವಾಧೀನದ, ಎಂದರೆ ಒಪ್ಪಿಗೆಯಿಲ್ಲದೆ ದೀರ್ಘಕಾಲ ಕುಳಿತವರೇ ಆಸ್ತಿಯ ಹಕ್ಕು ಕೇಳುವುದರ, ಭಯ ಎಲ್ಲರಿಗೂ ಗೊತ್ತು. ಇಂಗ್ಲೆಂಡಿನಲ್ಲಿ ನೋಂದಾಯಿತ ಆಸ್ತಿಯನ್ನು 10 ವರ್ಷ ಸ್ವಾಧೀನದಲ್ಲಿಟ್ಟುಕೊಂಡವರು ಅದನ್ನು ತಮ್ಮ ಹೆಸರಿಗೆ ಮಾಡಿಕೊಡುವಂತೆ ಲ್ಯಾಂಡ್ ರಿಜಿಸ್ಟ್ರಿಗೆ (ಆಸ್ತಿ ಮಾಲೀಕತ್ವದ ದಾಖಲೆ ಇಡುವ ಸರ್ಕಾರಿ ಕಚೇರಿ) ಅರ್ಜಿ ಹಾಕಬಹುದು, ಆದರೆ ರಿಜಿಸ್ಟ್ರಿ ಮೊದಲು ಮಾಲೀಕರಿಗೆ ಪತ್ರ ಬರೆಯುತ್ತದೆ ಮತ್ತು ಆಕ್ಷೇಪಿಸಲು 65 ಕೆಲಸದ ದಿನಗಳಿರುತ್ತವೆ. ಆ ಪತ್ರ ಹೋಗುವುದು ದಾಖಲೆಯಲ್ಲಿರುವ ವಿಳಾಸಕ್ಕೆ, ಎಂದರೆ ಬಹುತೇಕರ ವಿಷಯದಲ್ಲಿ ಅದೇ ಖಾಲಿ ಮನೆಗೆ. ಮೂರು ವಿಳಾಸಗಳವರೆಗೆ ಕೊಡಲು ಅವಕಾಶವಿದೆ. ಬೆಂಗಳೂರಿನ ಮನೆಯ ವಿಳಾಸವೂ ಇಮೇಲೂ ಅದರಲ್ಲಿ ಸೇರಬಹುದು.