ಪೈಪರ್‌ನ ಕೈಬರಹದ ಪುಸ್ತಕದಿಂದ ಟ್ಯೂನ್ ನಕಲು ಮಾಡುವುದು ಹೇಗೆ?

ಸ್ಕಾಟಿಷ್ ರೆಜಿಮೆಂಟುಗಳ ಪೈಪರ್‌ಗಳು (ಬ್ಯಾಗ್‌ಪೈಪ್ ನುಡಿಸುವವರು) ಕೈಯಾರೆ ಬರೆದಿಟ್ಟ ಪುಸ್ತಕಗಳಲ್ಲಿ ಬೆಲೆಬಾಳುವುದು ಪುಟ್ಟದಾಗಿ ಬರೆದ ಗ್ರೇಸ್ ನೋಟ್‌ಗಳು, ಅಂದರೆ ಮುಖ್ಯ ಸ್ವರಕ್ಕೆ ಮುಂಚೆ ಮಿಂಚಿ ಹೋಗುವ ಕಿರು ಸ್ವರಗಳು. ಟ್ಯೂನಿನ ಮುಖ್ಯ ಸ್ವರಗಳು ಅಚ್ಚಾದ ಪುಸ್ತಕದಲ್ಲೂ ಸಿಕ್ಕಾವು. ಬರೆದವನ ಬೆರಳು ಹೇಗೆ ಆಡುತ್ತಿತ್ತು ಎಂಬುದು ಈ ಪುಟ್ಟ ಗುರುತುಗಳಲ್ಲಿದೆ.

ಬ್ಯಾಗ್‌ಪೈಪಿನಲ್ಲಿ ಚೀಲದ ಗಾಳಿ ನಿಲ್ಲುವುದೇ ಇಲ್ಲ. ನಾಲಿಗೆಯಿಂದ ಸ್ವರ ತುಂಡರಿಸಲು ಬರುವುದಿಲ್ಲ. ಒಂದೇ ಸ್ವರ ಎರಡು ಸಲ ಬಂದರೆ ನಡುವೆ ಕ್ಷಣಮಾತ್ರ ಇನ್ನೊಂದು ಸ್ವರ ಮಿಂಚಬೇಕು. ಆ ಗ್ರೇಸ್ ನೋಟ್ ಬರೆಯಲು ಮರೆತರೆ ಎರಡೂ ಸೇರಿ ಒಂದೇ ಉದ್ದ ಸ್ವರವಾಗುತ್ತದೆ.

ಮೊದಲು ಪುಟದ ಫೋಟೊ ತೆಗೆಯಿರಿ. ಪುಸ್ತಕವನ್ನು ಬಲವಂತವಾಗಿ ಅಗಲಿಸಬೇಡಿ, ಹೊಲಿಗೆ ಬಿಡುತ್ತದೆ. ಮೂಲದ ಹತ್ತಿರ ಪೆನ್ನು ಬೇಡ, ಪೆನ್ಸಿಲ್ ಮಾತ್ರ.

ನಾಲ್ಕು ಪಾರ್ಟಿನ (ಭಾಗದ) 2/4 ಮಾರ್ಚ್, ಅಂದರೆ ಬಾರಿಗೆ ಎರಡು ಎಣಿಕೆಯ ನಡಿಗೆ ಟ್ಯೂನ್ ಎಂದುಕೊಳ್ಳಿ; ಬಾರ್ ಎಂದರೆ ಎರಡು ನಿಲುವು ಗೆರೆಗಳ ನಡುವಿನ ತಾಳದ ಮನೆ. ಪಾರ್ಟಿಗೆ 8 ಬಾರ್, ಸಾಲಿಗೆ 4 ಬಾರ್. ಒಟ್ಟು 8 ಸಾಲು. ಎರಡನೇ ಸಲದ ಮುಕ್ತಾಯ ಬೇರೆಯಿದ್ದರೆ 10 ಸಾಲಿನ ಹಾಳೆ ತೆಗೆದುಕೊಳ್ಳಿ. ಚಾಂಟರಿನಲ್ಲಿ (ಬೆರಳಾಡಿಸುವ ತೂತುಗಳ ಕೊಳವೆ) ಸಿ ಮತ್ತು ಎಫ್ ಶಾರ್ಪ್ (ಅರ್ಧ ಸ್ವರ ಮೇಲೆ) ಆಗಿಯೇ ನುಡಿಯುವುದರಿಂದ ಪೈಪರ್‌ಗಳು ಸಾಮಾನ್ಯವಾಗಿ ಆ ಗುರುತು ಹಾಕುವುದಿಲ್ಲ. ನೀವೂ ಸೇರಿಸಬೇಡಿ.

ಮುಖ್ಯ ಸ್ವರಗಳನ್ನು ಕಡ್ಡಿ ಕೆಳಮುಖವಾಗಿ ಬರೆಯಿರಿ. ಪ್ರತಿ ಸ್ವರದ ಎಡಕ್ಕೆ ಜಾಗ ಬಿಡಿ; ಸ್ವರಗಳನ್ನು ಸಮ ಅಂತರದಲ್ಲಿ ತುಂಬಿಬಿಟ್ಟರೆ ನಾಲ್ಕು ಗ್ರೇಸ್ ನೋಟ್ ಬೇಡುವ ಕಡೆ ಇಕ್ಕಟ್ಟಾಗಿ ಓದಲಾಗದು. ಈಗ ಲೆಕ್ಕ ನೋಡಿ: ಪ್ರತಿ ಬಾರ್ ಎರಡು ಕ್ರಾಚೆಟ್ಟಿಗೆ (ಒಂದು ಎಣಿಕೆಯ ಸ್ವರ) ಸರಿಹೋಗಬೇಕು. ಹೋಗದಿದ್ದರೆ ಸಾಮಾನ್ಯವಾಗಿ ಕ್ವೇವರ್ (ಅರ್ಧ ಎಣಿಕೆಯ ಸ್ವರ) ಪಕ್ಕದ, ಅದರ ಉದ್ದ ಹೆಚ್ಚಿಸುವ ಚುಕ್ಕೆ ಬಿಟ್ಟಿರುತ್ತೀರಿ. ಪಾರ್ಟಿನ ಮೊದಲಿಗೆ ಬಿಡಿ ಸ್ವರವಿದ್ದರೆ ಕೊನೆಯ ಬಾರಿನಲ್ಲಿ ಅಷ್ಟೇ ಕಡಿಮೆಯಿರುತ್ತದೆ, ಅದು ತಪ್ಪಲ್ಲ.

ಆಮೇಲೆ ಗ್ರೇಸ್ ನೋಟ್‌ಗಳು: ಕಡ್ಡಿ ಮೇಲ್ಮುಖ, ಮೂರು ಬಾಲ, ಲೆಕ್ಕದಲ್ಲಿ ಸೊನ್ನೆ. ಡಬ್ಲಿಂಗ್, ಗ್ರಿಪ್, ಥ್ರೋ ಎಂಬವು ಗ್ರೇಸ್ ನೋಟ್‌ಗಳ ಸಿದ್ಧ ಗುಂಪುಗಳು; ಹೈ ಜಿ ಎಂದರೆ ಮೇಲಿನ ಜಿ, ಲೋ ಜಿ ಎಂದರೆ ಕೆಳಗಿನ ಜಿ. ಬಿ ಮತ್ತು ಸಿ ಡಬ್ಲಿಂಗ್‌ಗಳಲ್ಲಿ ಹೈ ಜಿ, ಅದೇ ಸ್ವರ, ಡಿ. ಇ ಡಬ್ಲಿಂಗಿನಲ್ಲಿ ಹೈ ಜಿ, ಇ, ಎಫ್. ಗ್ರಿಪ್‌ಗೆ ಲೋ ಜಿ, ಡಿ, ಲೋ ಜಿ. ಆದರೆ ಡಿ ಸ್ವರದಿಂದ ಹೊರಟರೆ ನಡುವಿನದು ಬಿ ಆಗುತ್ತದೆ. ಮಸಿ ಮಾಸಿದ ಕಡೆ ಈ ಕ್ರಮ ಗೊತ್ತಿದ್ದರೆ ಉಳಿದ ಒಂದೆರಡು ಚುಕ್ಕೆಗಳಿಂದಲೇ ಪೂರ್ತಿ ಗುರುತು ಹಿಡಿಯಬಹುದು. ಹಾಗೆ ಊಹಿಸಿದ್ದನ್ನು ಆವರಣದೊಳಗೆ ಬರೆಯಿರಿ.

ಡಿ ಥ್ರೋ ಬಂದಲ್ಲಿ ಎಚ್ಚರ. ಕೆಲವರು ಲೋ ಜಿ, ಡಿ, ಸಿ ಎಂದು ಹಗುರವಾಗಿ, ಕೆಲವರು ಲೋ ಜಿ, ಡಿ, ಲೋ ಜಿ, ಸಿ ಎಂದು ಭಾರವಾಗಿ ನುಡಿಸುತ್ತಾರೆ. ಎರಡೂ ಸರಿ, ಪುಸ್ತಕದಲ್ಲಿ ಇದ್ದದ್ದನ್ನೇ ಇಡಿ. 1919ರಿಂದ ದಶಕಗಳ ಕಾಲ ಎಡಿನ್‌ಬರೊ ಕೋಟೆಯಲ್ಲಿ ಸೇನೆಯ ಪೈಪರ್‌ಗಳಿಗೆ ಕಲಿಸಿದ ಪೈಪ್ ಮೇಜರ್ ವಿಲ್ಲಿ ರಾಸ್ ಅವರ ಅಚ್ಚಾದ ಸಂಗ್ರಹಗಳ ಜೊತೆ ಹೋಲಿಸಿ ನೋಡಬಹುದು, ಆದರೆ ಅದಕ್ಕೆ ಹೊಂದುವಂತೆ ತಿದ್ದಬಾರದು. ಪಿಬ್ರೋಕ್‌ನ (ಬ್ಯಾಗ್‌ಪೈಪಿನ ಶಾಸ್ತ್ರೀಯ ಸಂಗೀತ) ಪುಟಗಳಲ್ಲಿ ಟಿ, ಸಿ ಎಂಬ ಒಂಟಿ ಅಕ್ಷರಗಳು ಕಂಡರೆ ಅವು ಟಾರ್ಲುವಾ, ಕ್ರುನ್ಲುವಾ ಎಂಬ ಬೆರಳುಗಾರಿಕೆಯ ಸಂಕ್ಷೇಪಗಳು. ಬಿಡಿಸಿ ಬರೆಯದೆ ಹಾಗೆಯೇ ಇಳಿಸಿಕೊಳ್ಳಿ.

ಪ್ರ್ಯಾಕ್ಟೀಸ್ ಚಾಂಟರಿನಲ್ಲಿ (ಚೀಲವಿಲ್ಲದ ಅಭ್ಯಾಸದ ಕೊಳವೆ) ನಿಧಾನವಾಗಿ ನುಡಿಸಿ ಪರೀಕ್ಷಿಸಿದ ಮೇಲಷ್ಟೇ ಮಸಿ ಹಚ್ಚಿ. ಹೆಸರು, ಟ್ಯೂನಿನ ಬಗೆ, ರಚಿಸಿದವರು ಮೇಲುಗಡೆ. ಯಾರ ಪುಸ್ತಕ, ಯಾವ ಪುಟ, ನಕಲು ಮಾಡಿದ ತಾರೀಖು ಕೆಳಗೆ.