ಸಬಕ್ ಕೇಳುವ ಮೊದಲು

ಕುರ್‌ಆನ್ ಬಾಯಿಪಾಠ ಮಾಡಿಸುವ ಹಿಫ್ಝ್ ಉಸ್ತಾದನ ಕೆಲಸವೆಲ್ಲ ಕಿವಿಯದ್ದು. ಮುಂಜಾನೆಯ ಸುಬಹಿ ನಮಾಜ್ ಮುಗಿದೊಡನೆ ಹುಡುಗರು ಒಬ್ಬೊಬ್ಬರಾಗಿ ಎದುರು ಕೂತು ಸಬಕ್, ಅಂದರೆ ಹೊಸ ಪಾಠ, ಒಪ್ಪಿಸುತ್ತಾರೆ. ಆಮೇಲೆ ಹಳೆಯ ಪಾಠದ ಪುನರಾವರ್ತನೆ, ಮಂಝಿಲ್. ಒಟ್ಟು 30 ಜುಝ್ (ಭಾಗ), 6,000ಕ್ಕೂ ಮಿಕ್ಕಿದ ಆಯತ್ತುಗಳು (ವಚನಗಳು). ಒಂದಕ್ಷರ ಜಾರಿದರೂ ನನ್ನ ಬೆರಳು ಡೆಸ್ಕಿನ ಮೇಲೆ ಟಕ್ ಅನ್ನುತ್ತಿತ್ತು. ಮುಖ ನೋಡುವ ರೂಢಿಯೇ ಇರಲಿಲ್ಲ.

18ನೇ ಜುಝ್‌ವರೆಗೆ ನೀರು ಕುಡಿದಂತೆ ಓದುತ್ತಿದ್ದ ಹುಡುಗನೊಬ್ಬ ಇದ್ದಕ್ಕಿದ್ದಂತೆ ತಡವರಿಸತೊಡಗಿದ. ಗದರಿದೆ. ಸಂಜೆಯ ಅಸರ್ ನಮಾಜಿನ ನಂತರದ ಆಟ ತಪ್ಪಿಸಿ ಕೂರಿಸಿದೆ. ಇನ್ನೂ ಹದಗೆಟ್ಟಿತು, ನಿದ್ದೆಯಿಲ್ಲ, ಗಂಜಿ ಬಟ್ಟಲಲ್ಲೇ ಉಳಿಯುತ್ತಿತ್ತು. ಒಂದು ದಿನ ಮೆಲ್ಲಗೆ ಕೇಳಿದ: "ಉಸ್ತಾದ್, ನನ್ನ ಈಮಾನ್ ಕಮ್ಮಿಯಾಗಿದೆಯಾ?"

ಆ ಮಾತು ಅವನ ತಲೆಗೆ ಹೋದದ್ದು ನನ್ನಿಂದಲೇ. ಈಮಾನ್, ಅಂದರೆ ದೇವರ ಮೇಲಿನ ವಿಶ್ವಾಸ, ಗಟ್ಟಿಯಿದ್ದವನಿಗೆ ಬೇಸರವೆಲ್ಲಿಯದು ಎಂದು ತರಗತಿಯಲ್ಲಿ ಎಷ್ಟು ಸಲ ಅಂದಿದ್ದೆನೋ! ಸೂರಾ ಯೂಸುಫ್ ಅಧ್ಯಾಯ ತೆರೆಸಿದೆ. ಮಗನ ಕೊರಗಿನಲ್ಲಿ ಯಾಕೂಬ್ ನಬಿಯ (ಪ್ರವಾದಿಯ) ಕಣ್ಣು ಬೆಳ್ಳಗಾದ 84ನೇ ಆಯತ್ತು ಅವನಿಗೆ ಬಾಯಿಪಾಠ, ಅರ್ಥ ಮಾತ್ರ ಗೊತ್ತಿರಲಿಲ್ಲ. ಬ್ಯಾರಿ ಭಾಷೆಯಲ್ಲಿ ಹೇಳಿದೆ. "ನಬಿಗೂ ಹೀಗಾಯಿತಾ?" ಎಂದವನು ಬಿಕ್ಕಿ ಅತ್ತ. ಅವನ ಉಪ್ಪ (ಅಪ್ಪ) ಗಲ್ಫಿನ ಕೆಲಸ ಕಳೆದುಕೊಂಡು ಬಂದಿದ್ದರು, ಮನೆಯಲ್ಲಿ ಸಾಲದ ಜಗಳ; ತಾನು ಕುರ್‌ಆನ್ ಪೂರ್ತಿ ಬಾಯಿಪಾಠವಿರುವ ಹಾಫಿಳ್ ಆದರೆ ಎಲ್ಲ ಸರಿಹೋಗುತ್ತದೆಂದು ಅದನ್ನೂ ತಲೆ ಮೇಲೆ ಹೊತ್ತಿದ್ದ.

ಅವನ ಉಮ್ಮನಿಗೆ (ತಾಯಿಗೆ) ಇದು ಕಣ್ಣು ತಾಗಿದ್ದು, ದೃಷ್ಟಿ. ಕುರ್‌ಆನ್ ಓದಿ ಊದಿ ಕೊಟ್ಟೆ, ಅದರಲ್ಲಿ ನನಗೆ ಅಳುಕಿಲ್ಲ. ಅದೇ ವಾರ ಮನೋವೈದ್ಯರ ಬಳಿಗೂ ಕರೆದೊಯ್ದೆ. ಮದ್ದು ಮಾಡಿಸಿ ಎಂದದ್ದೂ ಪ್ರವಾದಿಯವರೇ ತಾನೆ? ದೇಹದಂತೆ ಮನಸ್ಸಿಗೂ ಕಾಯಿಲೆ ಬರುತ್ತದೆಂದು ಈಗಿನ ಅಫ್ಘಾನಿಸ್ತಾನದ ಬಲ್ಖ್‌ನ ವಿದ್ವಾಂಸ ಅಬೂ ಝೈದ್ ಸಾವಿರ ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ. ನಾವು ಧಾರ್ಮಿಕ ಪಾಠ ಕಲಿತ ದರ್ಸಿನಲ್ಲಿ ಇದನ್ನು ನಮಗ್ಯಾರೂ ಹೇಳಿರಲಿಲ್ಲ.

ಈಗ ಸಬಕಿಗೆ ಮೊದಲು "ರಾತ್ರಿ ನಿದ್ದೆ ಬಂತಾ?" ಎಂದು ಕೇಳುತ್ತೇನೆ. ಬಂದಿಲ್ಲವೆಂದರೆ ಒಂದು ಪುಟದ ಬದಲು ಅರ್ಧ. ಅಸರ್ ಆಟಕ್ಕೆ ಕೈ ಹಾಕುವುದಿಲ್ಲ. ಊಟದ ಕೋಣೆಯ ಬಾಗಿಲಿಗೆ ಮಾನಸಿಕ ಆರೋಗ್ಯದ ಸರಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ಅಂಟಿಸಿದ್ದೇನೆ. ಖತಂ (ಪೂರ್ತಿ ಓದಿ ಮುಗಿಸುವುದು) ತಡವಾಗುತ್ತದೆಂದು ಕಮಿಟಿಯವರು ಗೊಣಗಿದರು, ತಡವಾಯಿತು ಕೂಡ.

ಆ ಹುಡುಗ ಈಗ 27ನೇ ಜುಝ್‌ನಲ್ಲಿದ್ದಾನೆ. ಸೂರಾ ರಹ್ಮಾನಿನಲ್ಲಿ ಒಂದೇ ಆಯತ್ತು 31 ಸಲ ಬರುತ್ತದಲ್ಲ, ಮೊನ್ನೆ ಅಲ್ಲಿ ದಾರಿ ತಪ್ಪಿ ನಕ್ಕುಬಿಟ್ಟ. ನಾನೂ ನಕ್ಕೆ. ಆ ಜಾಗದಲ್ಲಿ ನಾನೂ ತಪ್ಪುತ್ತಿದ್ದೆ.